ಕ್ಯಾಲನೂರಿನಲ್ಲಿ ಮನೆ ಹಿಡಿದದ್ದು

ನನಗೆ ಸರ್ಕಾರಿ ಕೆಲಸದ ಆದೇಶ ಬಂದಾಗ ನಾವು ದಾವಣಗೆರೆಯಲ್ಲಿದ್ದೆವು. ಕೋಲಾರದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯ ಹುದ್ದೆ. ಮದುವೆಯಾಗಿ, ಎರಡು ಹೆತ್ತು, ಮೂರು ಸಲ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ. ಅದನ್ನು ಬಿಡುವ ಮಾತೇ ಇರಲಿಲ್ಲ. ಕೆಲಸ ಬಿಡಬೇಕಾಗಿ ಬಂದದ್ದು ನನ್ನ ಗಂಡನಿಗೆ. ಅವರು ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ಒಂದೇ ಅಂಗಡಿಯಲ್ಲಿ ಹನ್ನೆರಡು ವರ್ಷ ದುಡಿದಿದ್ದರು. ನಾನು ಆದೇಶ ತೋರಿಸಿದಾಗ ಕೈ ಒರೆಸಿಕೊಂಡು ಎರಡು ಸಲ ಓದಿದರು.

"ಕೋಲಾರ ಅಂದ್ರೆ ಬರೀ ಬೋರ್‌ವೆಲ್ಲು. ಬೋರ್‌ವೆಲ್ ಇದ್ದಲ್ಲಿ ಮೋಟಾರ್ ಸುಡದೇ ಇರ್ತಾವಾ? ನಡಿ ಹೋಗಾಣ" ಎಂದರು. ಅಷ್ಟೇ. ಹೆಂಡತಿಯ ನೌಕರಿಗಾಗಿ ಗಂಡ ಊರು ಬಿಡುವುದನ್ನು ಕುರಿತು ನಮ್ಮ ಕಡೆಯ ನೆಂಟರು ಏನೇನು ಆಡಿಕೊಂಡರೋ, ಆ ಮನುಷ್ಯ ಇವತ್ತಿಗೂ ಒಂದನ್ನೂ ನನ್ನ ಕಿವಿಗೆ ಹಾಕಿಲ್ಲ.

ಮಗಳಿಗೆ ಆಗ ಆರು ವರ್ಷ. ಮಗನಿಗೆ ಎರಡೂವರೆ. ಮಗ ಇನ್ನೂ ಮಾತಾಡುತ್ತಿರಲಿಲ್ಲ. "ಗಂಡುಮಕ್ಕಳು ತಡವೇ" ಎಂದು ನನ್ನ ತಾಯಿ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ.

ಮನೆ ಹುಡುಕಲು ನಾವಿಬ್ಬರೇ ಬಂದು ಕೋಲಾರದಲ್ಲಿ ಎರಡು ದಿನ ಸುತ್ತಿದೆವು. ನಮ್ಮನ್ನು ಕರೆದೊಯ್ದ ಆಟೋದವರಿಗೆ ಊರಿನ ಪ್ರತಿ ಬೀದಿಯ ಖಾಲಿ ಮನೆಯೂ ಗೊತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿ ಮನೆ ಇತ್ತು. ಕಚೇರಿಗೆ ನಡೆದೇ ಹೋಗಬಹುದಿತ್ತು. ಆದರೆ ಮೆಟ್ಟಿಲಿಗೆ ಕಂಬಿಯಿಲ್ಲ, ತಾರಸಿಗೆ ಗೋಡೆಯಿಲ್ಲ. ಇನ್ನೊಂದು ಕಡೆ ಮನೆಯೊಡತಿ ಬಾಗಿಲಲ್ಲೇ ನಿಂತು ನಾವು ಯಾವ ಜನ, ಏನು ತಿನ್ನುತ್ತೇವೆ ಎಂದೆಲ್ಲ ವಿಚಾರಿಸಿ, ಕೊನೆಗೆ ಮಕ್ಕಳು ಅಳುತ್ತವೆಯೇ ಎಂದು ಕೇಳಿದರು. ನನ್ನ ಗಂಡ, "ಅಳ್ತಾವ್ರಿ, ಮಕ್ಕಳಲ್ವಾ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಎರಡನೆಯ ದಿನ ಸಂಜೆ ಊರಾಚೆಯ ಹೊಸ ಬಡಾವಣೆಗೆ ಹೋದೆವು. ಅಗಲವಾದ ರಸ್ತೆ, ಹೊಸ ಬಣ್ಣದ ಮನೆ, ಒಳಗೆ ನುಣುಪಾದ ಟೈಲ್ಸ್, ಎರಡು ಬಚ್ಚಲು, ಅಡುಗೆಮನೆಯಲ್ಲಿ ಆಳೆತ್ತರದ ಕಪಾಟು. ನಾನು ಹುಟ್ಟಿದ್ದು, ಮದುವೆಯಾಗಿ ಹೋಗಿದ್ದು ಎರಡೂ ಒಂದೊಂದು ಕೋಣೆಯ ಮನೆಗಳು. ಆ ಕಪಾಟಿನ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದೆ.

ನನ್ನ ಗಂಡ ಹೊರಗೆ ನಿಂತಿದ್ದರು. ಆ ಮನೆಯ ಎಡಕ್ಕೆ ಐದು ಖಾಲಿ ನಿವೇಶನ, ಬಲಕ್ಕೆ ಅರ್ಧಕ್ಕೆ ನಿಂತ ಕಟ್ಟಡ. "ಇಲ್ಲಿ ಮಾತಾಡ್ಸಾಕೆ ಯಾರದಾರೆ?" ಎಂದರು.

"ಜನ ಬರ್ತಾರೆ ಬಿಡ್ರಿ. ಮನೆ ನೋಡ್ರಿ ಹೆಂಗೈತಿ" ಎಂದೆ. ಅವರು ಒಳಗೆ ಬಂದು ನೋಡಿ ತಲೆಯಾಡಿಸಿದರು. ಹಾಗಾಗಿ ಆ ಮನೆಯನ್ನು ಆರಿಸಿದ್ದು ನಾನು. ಇದನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ.

ಮೊದಲ ತಿಂಗಳು ನಾನು ಹೊಸ ಕೆಲಸದ ಉತ್ಸಾಹದಲ್ಲೇ ಇದ್ದೆ. ಬೆಳಿಗ್ಗೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಹೊರಟರೆ ಬರುವುದು ಆರೂವರೆಗೆ. ಗಂಡನಿಗೆ ಇನ್ನೂ ಗಟ್ಟಿ ಕೆಲಸ ಸಿಕ್ಕಿರಲಿಲ್ಲ. ಅವರೇ ಮನೆಯಲ್ಲಿದ್ದು ಮಗನನ್ನು ನೋಡಿಕೊಂಡರು. ಅನ್ನ ಮಾಡಿದರು, ಬಟ್ಟೆ ಒಗೆದರು, ಕ್ಯಾನು ಹಿಡಿದು ಕುಡಿಯುವ ನೀರು ತಂದರು. ಅವರು ಹುಟ್ಟಾ ಮಿತಭಾಷಿ. ಮಗ ಮಾತೇ ಬಾರದವನು. ಈ ಇಬ್ಬರು ಆ ಖಾಲಿ ಬಡಾವಣೆಯಲ್ಲಿ ದಿನವಿಡೀ ಹೇಗಿರುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ.

ಒಂದು ದಿನ ಕಚೇರಿಯಲ್ಲಿ ತಲೆನೋವೆಂದು ಮಧ್ಯಾಹ್ನವೇ ರಜೆ ಹಾಕಿ ಬಂದೆ. ರಸ್ತೆಯ ತಿರುವಿನಿಂದಲೇ ಕಂಡರು. ಅಪ್ಪ ಮಗ ಇಬ್ಬರೂ ಹೊಸಿಲ ಮುಂದಿನ ಮೆಟ್ಟಿಲ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು. ದೂರದ ಹೆದ್ದಾರಿಯಲ್ಲಿ ಟೊಮೆಟೊ ತುಂಬಿದ ಒಂದು ಲಾರಿ ಹೋದರೆ ಮಗ ಬೆರಳು ತೋರಿಸುತ್ತಿದ್ದ. ಅಪ್ಪ ತಲೆ ಆಡಿಸುತ್ತಿದ್ದರು. ಮತ್ತೊಂದು ಲಾರಿ, ಮತ್ತೆ ಬೆರಳು, ಮತ್ತೆ ತಲೆ. ನಾನು ಹತ್ತಿರ ಬರುವವರೆಗೂ ಒಂದು ಶಬ್ದವೂ ಇರಲಿಲ್ಲ.

"ಊಟ ಆಯ್ತಾ?" ಎಂದೆ.

ಗಂಡ ಗಂಟಲು ಸರಿಮಾಡಿಕೊಂಡರು. "ಬೆಳಿಗ್ಗೆ ನೀನು ಹೋದ ಮೇಲೆ ಇದೇ ಮೊದಲನೇ ಮಾತು ನೋಡು ನನ್ನ ಕಿವಿಗೆ ಬೀಳ್ತಿರೋದು" ಎಂದು ನಕ್ಕರು. ದೂರುವ ನಗೆಯಲ್ಲ ಅದು. ಅದಕ್ಕೇ ನನಗೆ ಇನ್ನಷ್ಟು ಚುಚ್ಚಿತು.

ಆ ವಾರವೇ ಮಗನನ್ನು ವೈದ್ಯರಿಗೆ ತೋರಿಸಿದೆವು. ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿಯೇ ಇತ್ತು. ಆ ವೈದ್ಯೆ ಬಹಳ ತಾಳ್ಮೆಯವರು. ಮಗನ ಜೊತೆ ನೆಲದ ಮೇಲೆ ಕೂತು ಚೆಂಡು ಉರುಳಿಸುತ್ತಲೇ ಮನೆಯಲ್ಲಿ ಯಾರಿದ್ದಾರೆ, ಯಾರು ಇವನ ಜೊತೆ ಮಾತಾಡುತ್ತಾರೆ, ಆಡಲು ಮಕ್ಕಳಿವೆಯೇ ಎಂದು ಕೇಳಿದರು. ನಾನು ಹೇಳುತ್ತಾ ಹೋದಂತೆ ನನ್ನ ಉತ್ತರಗಳು ನನಗೇ ಕೇಳಿಸತೊಡಗಿದವು. "ಆರು ತಿಂಗಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ. ಅಲ್ಲೀವರೆಗೆ ಇವನ ಸುತ್ತ ಮಾತು ಇರಲಿ, ಮಕ್ಕಳು ಇರಲಿ" ಎಂದರು.

ಅಷ್ಟರಲ್ಲಿ ಗಂಡನಿಗೆ ಕೋಲಾರದ ಒಂದು ಮೋಟಾರ್ ಅಂಗಡಿಯಲ್ಲಿ ಕರೆ ಬಂದಾಗ ಹೋಗಿ ಮಾಡುವ ಕೆಲಸ ಸಿಕ್ಕಿತು. ಒಂದು ದಿನ ಹತ್ತಿರದ ಹಳ್ಳಿ ಕ್ಯಾಲನೂರಿನ ತೋಟವೊಂದರ ಬೋರ್‌ವೆಲ್ಲಿನಿಂದ ಮೋಟಾರು ಎತ್ತಬೇಕಾಗಿತ್ತು. ಮಗನನ್ನು ಬಿಡಲು ಯಾರೂ ಇಲ್ಲದೆ ಬೈಕಿನ ಮುಂದೆ ಕೂರಿಸಿಕೊಂಡು ಹೋದರು. ಸಂಜೆ ಇಬ್ಬರೂ ಬಂದಾಗ ಮಗನ ಅಂಗಿಯ ಮೇಲೆಲ್ಲ ಮುದ್ದೆ ಮೆತ್ತಿಕೊಂಡಿತ್ತು. ಕೂದಲಲ್ಲಿ ಹುಲ್ಲು.

"ತೋಟದವರ ತಾಯಿ ಒಬ್ಬರು ಅಜ್ಜಿ ಅದಾರೆ. ಇವನ್ನ ಬೆಳಿಗ್ಗೆಯಿಂದ ಸೊಂಟದಿಂದ ಇಳಿಸಿಲ್ಲ" ಎಂದರು. ಆಮೇಲೆ ನೀರು ಕುಡಿದು, ಲೋಟ ಕೆಳಗಿಟ್ಟು, "ಅವರ ಮನೆ ಪಕ್ಕ ಒಂದು ಶೀಟಿನ ಮನೆ ಖಾಲಿ ಐತಿ" ಎಂದರು.

ನನಗೆ ಸಿಟ್ಟು ಬಂತು. ಇಷ್ಟು ಓದಿ, ಇಷ್ಟು ಪರೀಕ್ಷೆ ಬರೆದು, ಕೊನೆಗೆ ಹಳ್ಳಿಯಲ್ಲಿ ಶೀಟಿನ ಮನೆಯೇ? ಮಗಳ ಶಾಲೆ? ನನ್ನ ಬಸ್ಸು? ಫೋನಿನಲ್ಲಿ ತಾಯಿಗೆ ಹೇಳಿದರೆ ಅವರೂ ನನ್ನ ಪರವೇ. ಗಂಡ ವಾದ ಮಾಡಲಿಲ್ಲ. "ಒಂದು ಭಾನುವಾರ ಬಂದು ನೋಡು. ಬೇಡ ಅಂದ್ರೆ ಬೇಡ" ಎಂದರು.

ಭಾನುವಾರ ನಾಲ್ವರೂ ಹೋದೆವು. ಅಜ್ಜಿ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಮಗ ನನ್ನ ಕೈ ಕೊಸರಿಕೊಂಡು ಅವರತ್ತ ಓಡಿದ. "ರಾ ನಾಯನಾ, ರಾ!" ಎಂದು ತೆಲುಗಿನಲ್ಲಿ ಕರೆದು ಎತ್ತಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಾವಣಗೆರೆನಂತೆ? ಅದೆಷ್ಟು ದೂರ ಆಯ್ತದಮ್ಮ?" ಎಂದರು.

"ಐದಾರು ಗಂಟೆ ಅಜ್ಜಿ."

"ಅಷ್ಟು ದೂರದಿಂದ ಬಂದು ಊರಾಚೆ ಬಯಲಾಗೆ ಮನೆ ಮಾಡಿದ್ದೀರಂತೆ. ಯಾಕಮ್ಮ, ಜನ ಅಂದ್ರೆ ಆಗಲ್ವಾ ನಿಮಗೆ?"

ಉತ್ತರಕ್ಕೆ ಕಾಯದೆ ಅಜ್ಜಿ ಮುಂದೆ ನಡೆದರು. ಮನೆ ತೋರಿಸಿದರು. ಎರಡು ಕೋಣೆ, ಮೇಲೆ ಶೀಟು, ಬಚ್ಚಲು ಹೊರಗೆ. ನಾನು ಅಂದುಕೊಂಡಷ್ಟೇ ಚಿಕ್ಕದು. ಆದರೆ ಬಾಗಿಲಲ್ಲಿ ನಿಂತರೆ ಬೀದಿಯ ಏಳೆಂಟು ಮನೆಗಳ ಬಾಗಿಲು ಕಾಣುತ್ತಿತ್ತು, ಎಲ್ಲವೂ ತೆರೆದೇ ಇದ್ದವು. ನಾನು ಅಜ್ಜಿಯ ಜೊತೆ ನೀರಿನ ಮಾತು, ಕರೆಂಟಿನ ಮಾತು ಆಡುತ್ತಿರುವಾಗಲೇ ಮಗಳು ಎದುರುಮನೆಯ ಇಬ್ಬರು ಹುಡುಗಿಯರ ಜೊತೆ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದಳು. ಹೊರಡುವ ಹೊತ್ತಿಗೆ ಕರೆದರೆ, "ಇನ್ನೊಂದಾಟ ಅಮ್ಮ" ಎಂದಳು. ಆ ಬಡಾವಣೆಗೆ ಬಂದ ಮೇಲೆ ಅವಳು ಇನ್ನೊಂದಾಟ ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಬೈಕಿನಲ್ಲಿ ಹಿಂತಿರುಗುವಾಗ ಗಂಡನ ಬೆನ್ನಿಗೆ, "ಯಾವಾಗ ಸಾಮಾನು ಸಾಗಿಸೋದು?" ಎಂದೆ. ಗಾಳಿಗೆ ಕೇಳಿಸಲಿಲ್ಲವೆಂದು ಎರಡು ಸಲ ಹೇಳಿಸಿದರು. ಎರಡನೆಯ ಸಲ ಬೇಕೆಂದೇ ಕೇಳಿಸದವರಂತೆ ಮಾಡಿದರೆಂದು ಈಗ ಅನಿಸುತ್ತದೆ.

ಕ್ಯಾಲನೂರಿನ ಮೊದಲ ದಿನಗಳು ಸಲೀಸಾಗಿರಲಿಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಗಳು ಅಂಗಡಿಯಲ್ಲಿ ಮಂಡಕ್ಕಿ ಕೇಳಿದರೆ ಅಂಗಡಿಯವರು ತಬ್ಬಿಬ್ಬಾಗಿ, ಕೊನೆಗೆ, "ಓ, ಪುರಿ ಅನ್ನು!" ಎಂದು ಕೊಟ್ಟರಂತೆ. ಬೀದಿಯ ಅರ್ಧ ಮಾತು ತೆಲುಗು. ಹೆಂಗಸರು ನನ್ನ ಹತ್ತಿರ ಕನ್ನಡದಲ್ಲಿ ಶುರುಮಾಡಿ, ಮಾತಿಗೆ ರಂಗೇರಿದ ಕೂಡಲೇ ತೆಲುಗಿಗೆ ಜಾರಿಬಿಡುತ್ತಿದ್ದರು. ನಾನು ಮುಖ ಮುಖ ನೋಡುತ್ತಿದ್ದೆ. ಬಸ್ಸೂ ಹಾಗೆಯೇ. ಮೊದಲ ವಾರದಲ್ಲೇ ಎರಡು ಸಲ ತಪ್ಪಿತು. ಮೂರನೆಯ ಸಲ ನಾನು ಓಡಿ ಬರುವಾಗ ಬಸ್ಸು ನಿಂತೇ ಇತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ನಿಧಾನ ಬನ್ನಿ ಮೇಡಂ, ಅಜ್ಜಿ ಹೇಳಿ ಕಳಿಸವ್ರೆ" ಎಂದರು. ಅಜ್ಜಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ, ಬಸ್‌ಸ್ಟಾಪಿನಲ್ಲಿ ನಿಂತಿದ್ದ ಜನಕ್ಕೆಲ್ಲ ನನ್ನ ವಿಷಯ ಹೇಳಿದ್ದರಂತೆ.

ಮಗಳನ್ನು ಊರಿನ ಶಾಲೆಗೆ ಸೇರಿಸಿ, ಮಗನನ್ನು ಅಂಗನವಾಡಿಗೆ ಬಿಟ್ಟೆವು. ಮಧ್ಯಾಹ್ನದ ಮೇಲೆ ಅವನು ಅಜ್ಜಿಯ ಹಿಂದೆ. ಅಜ್ಜಿ ಕೆಲಸ ಮಾಡುತ್ತಾ ಬಾಯಿ ಮುಚ್ಚಿದವರೇ ಅಲ್ಲ. ಹಸುವಿನ ಜೊತೆ, ಕೋಳಿಯ ಜೊತೆ, ಸೊಸೆಯ ಜೊತೆ, ಒಲೆಯ ಜೊತೆಯೂ ಮಾತು. ಮಧ್ಯೆ ಮಧ್ಯೆ ಇವನಿಗೂ, "ಏನ್ಲಾ, ಅಂಗಾ ಇಂಗಾ?" ಎಂದು ಕೇಳುವುದು. ಉತ್ತರ ಬಂದರೂ ಬಾರದಿದ್ದರೂ ಅವರು ಮುಂದಕ್ಕೆ ಹೋಗುತ್ತಿದ್ದರು. ನಾನಾದರೆ ಅವನ ಮುಂದೆ ಕೂತು, "ಅಮ್ಮ ಅನ್ನು, ಅಮ್ಮ ಅನ್ನು" ಎಂದು ಅವನ ಬಾಯನ್ನೇ ನೋಡುತ್ತಿದ್ದೆ. ಪಾಪ, ಅವನಿಗೆ ನನ್ನ ಮುಖ ನೋಡಿಯೇ ಹೆದರಿಕೆಯಾಗುತ್ತಿತ್ತೇನೋ.

ಮೂರು ತಿಂಗಳ ಮೇಲೆ ಒಂದು ಸಂಜೆ ಬಸ್ಸಿಳಿದು ಬರುತ್ತಿದ್ದೆ. ಅಜ್ಜಿ ಹಾಲು ಕರೆದು ಎದ್ದಿದ್ದರು. ಮಗ ಸ್ಟೀಲ್ ಲೋಟ ಹಿಡಿದುಕೊಂಡು ಬೀದಿಯಲ್ಲಿ ನನ್ನತ್ತ ಓಡಿ ಬಂದ. ಲೋಟ ಎತ್ತಿ ತೋರಿಸಿ, ಸ್ಪಷ್ಟವಾಗಿ, "ಪಾಲು" ಎಂದ.

ನನಗೆ ಅರ್ಥವಾಗಲಿಲ್ಲ. "ಏನಪ್ಪಾ? ಏನಂದೆ?"

"ಪಾಲು!" ಎಂದು ಲೋಟ ಅಲ್ಲಾಡಿಸಿದ. ಅರ್ಧ ಹಾಲು ನನ್ನ ಸೀರೆಯ ಮೇಲೆ ಚೆಲ್ಲಿತು.

ಮಗಳು ಹಿಂದಿನಿಂದ ಓಡಿ ಬಂದಳು. "ಅಮ್ಮ, ಹಾಲು ಅಂತಿದಾನೆ! ತೆಲುಗಲ್ಲಿ ಹಾಲಿಗೆ ಪಾಲು ಅಂತಾರೆ, ನಿಂಗೆ ಗೊತ್ತಿಲ್ವಾ?"

ಬಾಗಿಲಲ್ಲಿದ್ದ ನನ್ನ ಗಂಡ ಜೋರಾಗಿ ನಕ್ಕರು. "ಬಾಯಿ ಬಿಟ್ಟ ದಿನಾನೇ ಪಾಲು ಕೇಳ್ತಾನಲ್ಲೋ! ಕೊಡಾಕೆ ನಮ್ಮತ್ರ ಏನೈತಪ್ಪಾ?" ನಗುತ್ತಾ ನಗುತ್ತಾ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು. ನಾನಂತೂ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಮಗನನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಅಜ್ಜಿಗೆ ಗಾಬರಿ. ಅವರು ತಿಳಿದುಕೊಂಡದ್ದೇ ಬೇರೆ. ಹತ್ತಿರ ಬಂದು ನನ್ನ ತಲೆ ಸವರಿ, "ಅಳಬ್ಯಾಡ ಕಣಮ್ಮ. ತೆಲುಗು ಬಂತು ಅಂತ ಅಳ್ತಾರಾ? ಕನ್ನಡಾನೂ ಬರ್ತೈತೆ ಬಿಡು, ಎಲ್ಲೋಯ್ತದೆ?" ಎಂದರು.

ಕನ್ನಡವೂ ಬಂತು. ಮೊದಲು ಒಂದೊಂದೇ ಮಾತು, ಆಮೇಲೆ ತಡೆಯಲಾರದಷ್ಟು. ಆರು ತಿಂಗಳಿಗೆ ಮತ್ತೆ ತೋರಿಸಲು ಹೋದಾಗ ಆ ವೈದ್ಯೆಗೆ ಇವನೇ ಹಸು ಕರು ಹಾಕಿದ ಸುದ್ದಿ ಹೇಳಿದ. ಬಡಾವಣೆಯಲ್ಲೇ ಇದ್ದಿದ್ದರೂ ಅವನು ಮಾತಾಡುತ್ತಿದ್ದನೇನೋ, ನಾನು ಹೇಳಲಾರೆ. ಕೆಲವು ಮಕ್ಕಳು ತಡವೇ ಎಂದು ವೈದ್ಯೆಯೂ ಹೇಳಿದರು. ಆದರೆ ಅವನ ಮಾತು ಹುಟ್ಟಿದ್ದು ಆ ಬೀದಿಯಲ್ಲಿ. ಆ ಬೀದಿಯ ಋಣ ನನ್ನ ಮೇಲಿದೆ.

ಹೋದ ವರ್ಷ ಕೋಲಾರದಲ್ಲಿ ನನಗೆ ಸರ್ಕಾರಿ ವಸತಿಗೃಹ ಸಿಗುವ ಸರದಿ ಬಂತು. ಕಚೇರಿಗೆ ಹತ್ತು ನಿಮಿಷ. ಸಹೋದ್ಯೋಗಿಗಳು, "ಬಿಡಬೇಡಿ, ಎಷ್ಟು ಜನ ಕಾಯ್ತಿದಾರೆ" ಎಂದರು. ಊಟಕ್ಕೆ ಕೂತಾಗ ಮನೆಯವರನ್ನೆಲ್ಲ ಕೇಳಿದೆ. ಮಗಳು ತಟ್ಟೆಯಿಂದ ತಲೆಯನ್ನೇ ಎತ್ತದೆ, "ನೀನು ಹೋಗಮ್ಮ, ಶನಿವಾರ ಬಾ" ಎಂದಳು. ಗಂಡನಿಗೆ ಅಷ್ಟು ಹೊತ್ತಿಗೆ ಸುಗಟೂರಿನವರೆಗೂ ಗಿರಾಕಿಗಳಿದ್ದರು. ಮೋಟಾರು ಕೆಟ್ಟರೆ ಜನ ನೇರ ನಮ್ಮ ಬಾಗಿಲಿಗೇ ಬರುತ್ತಿದ್ದರು. ಆದರೂ ಅವರು, "ಈ ಸಲಾನೂ ನೀನೇ ಹೇಳು" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಮರುದಿನ ನಾನು ವಸತಿಗೃಹ ಬೇಡವೆಂದು ಬರೆದುಕೊಟ್ಟೆ.

ಸಂಜೆ ಬಂದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡದೆ, "ಕೋಲಾರದಾಗೆ ಕ್ವಾರ್ಟರ್ಸ್ ಕೊಟ್ಟವ್ರಂತೆ. ಹೋಗ್ತೀರಾ?" ಎಂದರು.

"ಇಲ್ಲ ಅಜ್ಜಿ. ಇಲ್ಲೇ ಇರ್ತೀವಿ."

ಅಜ್ಜಿ ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡರು. ನಾನು ಒಳ್ಳೆಯದೊಂದು ಮಾತು ಬರುತ್ತದೆಂದು ಕಾಯುತ್ತಾ ನಿಂತೆ.

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದೀಯ? ಕೈಕಾಲು ತೊಳ್ಕೊಂಡು ಬಾ, ಇನ್ನೂ ಅರ್ಧ ಮೂಟೆ ಐತೆ" ಎಂದು ಮೊರವನ್ನು ನನ್ನತ್ತ ಸರಿಸಿದರು. ನಾನು ಬ್ಯಾಗನ್ನು ಅಲ್ಲೇ ಇಟ್ಟು ಅವರ ಪಕ್ಕ ಕೂತೆ.