ಪಂಪ್‌ಸೆಟ್ ಪಕ್ಕದ ಮಡಿ

ಯಡಿಯೂರಿನ ಇಂದ್ರಾಣಿಯವರು ಒಂದು ಶಿಶುವಿಹಾರದಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ಭಾನುವಾರಕ್ಕೊಂದು ಅಭ್ಯಾಸ ಹಚ್ಚಿಕೊಂಡರು. ಮೆಟ್ರೋದಲ್ಲಿ ತಲಘಟ್ಟಪುರ ದಾಟಿ ಕೊನೆಯ ನಿಲ್ದಾಣದಲ್ಲಿ ಇಳಿದು, ಹಾರೋಹಳ್ಳಿ ಕಡೆಯ ಬಸ್ಸು ಹಿಡಿದು, ಪರಿಚಯದ ಕೆಂಪಕ್ಕನ ತರಕಾರಿ ತೋಟಕ್ಕೆ ಹೋಗುವುದು. ತಮಗೂ ಬೀದಿಯ ಇನ್ನೂ ಮೂರು ಮನೆಗೂ ಸೊಪ್ಪು, ಹೀರೇಕಾಯಿ ತರುವುದು. ಇಂದ್ರಾಣಿ ತಂದದ್ದೆಂದರೆ ಆ ಮನೆಗಳಲ್ಲಿ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ.

ಆ ಭಾನುವಾರ ಕೆಂಪಕ್ಕನ ಹಸು ಈಯುವ ಹೊತ್ತು. ಕೊಟ್ಟಿಗೆಯಿಂದಲೇ ಕೂಗಿದರು: “ನೀವೇ ಕುಯ್ಕೊಳ್ಳಿ ಇಂದ್ರಕ್ಕ! ಬೇಲಿ ಕಡೆ ಮಡೀಲಿ ದಂಟು ಬಂದದೆ.”

ಬೇಲಿ ಕಡೆಯ ದಂಟಿನ ಎಲೆಗಳೆಲ್ಲ ಹುಳು ತಿಂದು ತೂತು. ಅದೇ ಪಂಪ್‌ಸೆಟ್ ಪಕ್ಕದ ಮಡಿಯಲ್ಲಿ ಅಂಗೈ ಅಗಲದ ಎಲೆ, ಒಂದೇ ಒಂದು ತೂತಿಲ್ಲ. ಏನೋ ಘಾಟು ಬಂದಂತಾಯಿತು. ಪಂಪಿನ ಡೀಸೆಲ್ ಇರಬೇಕು ಅಂದುಕೊಂಡು ನಾಲ್ಕು ಕಟ್ಟು ಕೊಯ್ದರು. ಹನ್ನೊಂದಕ್ಕೆ ಊರು ಸೇರಿ ಮೂರು ಮನೆಗೂ ಹಂಚಿ ಬಂದರು. ತಮ್ಮ ಪಾಲಿನ ಕಟ್ಟನ್ನು ರಾತ್ರಿಗೆಂದು ಎತ್ತಿಟ್ಟರು.

ಒಂದೂವರೆಗೆ ಕೆಂಪಕ್ಕನ ಫೋನು.

“ಇಂದ್ರಕ್ಕ, ಯಾವ ಮಡೀಲಿ ಕುಯ್ದ್ರಿ? ಬೇಲಿ ಕಡೇದು ಹಂಗೇ ಅದಲ್ಲ?”

“ಪಂಪ್‌ಸೆಟ್ ಹತ್ರದ್ದು. ಚೆನ್ನಾಗಿತ್ತು ಅಂತ...”

“ಅಯ್ಯೋ ನನ್ನವ್ವ! ಅದಕ್ಕೆ ನೆನ್ನೆ ಸಂಜೆ ತಾನೆ ನಮ್ಮೆಜಮಾನ್ರು ಔಸ್ದಿ ಹೊಡ್ದವ್ರೆ. ಯಾರೂ ತಿನ್ಬೇಡಿ!”

ಇಂದ್ರಾಣಿ ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದರು. ಮೊದಲ ಮನೆಯಲ್ಲಿ ಸೊಪ್ಪು ಇನ್ನೂ ಚೀಲದಲ್ಲೇ ಇತ್ತು. ಎರಡನೆಯ ಮನೆಯಲ್ಲಿ ಬಿಡಿಸಿಟ್ಟಿದ್ದರು, ಒಲೆಗೆ ಇಟ್ಟಿರಲಿಲ್ಲ. ಎರಡನ್ನೂ ಕಿತ್ತುಕೊಂಡಂತೆ ಎತ್ತಿಕೊಂಡರು. ಮೂರನೆಯದು ಕಲ್ಯಾಣಿಯ ಮನೆ, ಮೂರನೆಯ ಮಹಡಿ. ಮೆಟ್ಟಿಲು ಹತ್ತುವಾಗಲೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು.

ಬಾಗಿಲು ತೆರೆದ ಕಲ್ಯಾಣಿ ನಗುತ್ತಿದ್ದಳು. “ಬನ್ನಿ ಆಂಟಿ, ಬಸ್ಸಾರು ಮಾಡಿದ್ದೆ. ಮೋಹಿತ್ ಎರಡು ಸಲ ಹಾಕಿಸ್ಕೊಂಡ.”

ಬಸ್ಸಾರು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ, ಅದರಲ್ಲೇ ಸಾರು. ಕಲ್ಯಾಣಿಯ ಮಗ, ನಾಲ್ಕು ವರ್ಷದ ಮೋಹಿತ್ ನೆಲದ ಮೇಲೆ ಕೂತು ಆಟಿಕೆ ಕಾರು ಓಡಿಸುತ್ತಿದ್ದ. ಅವನ ಗಲ್ಲದ ಮೇಲೆ ಸಾರಿನ ಗೆರೆ ಇನ್ನೂ ಒಣಗಿರಲಿಲ್ಲ.

ಏನೂ ಹೇಳದೆ ಮಗುವನ್ನು ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು. ಆದರೆ ಹೇಳಿದರು. “ಸೊಪ್ಪಿಗೆ ಔಷಧಿ ಹೊಡೆದಿದ್ರಂತೆ ಕಣಮ್ಮ. ಕೇಳ್ದೇನೆ ಕೊಯ್ದವಳು ನಾನು. ನಡಿ, ಆಸ್ಪತ್ರೆಗೆ ಹೋಗೋಣ.”

ಕಲ್ಯಾಣಿ ಮಗುವನ್ನು ಬಾಚಿ ಎತ್ತಿಕೊಂಡಳು. ಆಟೋ ಸಿಗ್ನಲ್ಲಿನಲ್ಲಿ ನಿಂತಾಗ ಮಗು ಒಮ್ಮೆ ವಾಂತಿ ಮಾಡಿಕೊಂಡಿತು. ಇಂದ್ರಾಣಿ ಸೆರಗನ್ನು ಒಡ್ಡಿದರು. ಅದರ ಅಂಚಿನಿಂದಲೇ ಬಾಯಿ ಒರೆಸಿದರು.

ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ಟಾರ್ಚು ಬಿಡುತ್ತಲೇ ಕೇಳಿದರು, “ಯಾವ ಔಷಧಿ? ಹೆಸರು ಬೇಕು.”

ಇಂದ್ರಾಣಿ ತೋಟಕ್ಕೆ ಫೋನು ಮಾಡಿದರು. ಕೆಂಪಕ್ಕನಿಗೆ ಓದು ಬಾರದು. ಅವರ ಗಂಡ ಬೋರಯ್ಯ ತಿಪ್ಪೆಗೆಸೆದಿದ್ದ ಬಾಟಲಿಯನ್ನು ಹುಡುಕಿ ತಂದು, ಲೇಬಲ್ಲಿನ ಇಂಗ್ಲಿಷ್ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳತೊಡಗಿದರು. ಇಂದ್ರಾಣಿ ಜೋರಾಗಿ ಕೂಗಿ ಹೇಳಿದರೆ ನರ್ಸ್ ಬರೆದುಕೊಳ್ಳುತ್ತಿದ್ದಳು.

“ಇನ್ನೊಂದ್ಸಲ ಹೇಳಿ ಬೋರಣ್ಣ, ‘ಎಮ್’ಓ ‘ಎನ್’ಓ?”

“ಮೂರು ಕಾಲಿಂದು ಕಣಕ್ಕ, ಎಮ್ಮು!”

ಹೆಸರು ನೋಡಿ ಡಾಕ್ಟರು ತಮ್ಮ ಫೋನಿನಲ್ಲಿ ಏನೋ ಹುಡುಕಿ ಓದತೊಡಗಿದರು. ಅವರು ಓದಿ ಮುಗಿಸುವಷ್ಟರಲ್ಲಿ ಇಂದ್ರಾಣಿಗೆ ತಾವು ಸಾಕಿದ ಮಕ್ಕಳ ಮುಖಗಳೆಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವಿಗೂ ಏನೂ ಆಗಿರಲಿಲ್ಲ.

“ತೊಳೆದು ಬೇಯಿಸಿದ್ದೀರ, ತಿಂದಿರೋದೂ ಒಂದೇ ಹೊತ್ತು,” ಎಂದರು ಡಾಕ್ಟರು. “ಆದ್ರೂ ಆರು ಗಂಟೆ ಇಲ್ಲೇ ಇಟ್ಕೊಂಡು ನೋಡ್ಬೇಕು. ಅಮ್ಮನೂ ತಿಂದಿದ್ದಾರಲ್ಲ, ಅವ್ರನ್ನೂ ನೋಡ್ತೀವಿ.”

ಆರು ಗಂಟೆ! ಮೋಹಿತ್ ಕಣ್ಣು ಮುಚ್ಚಿದಾಗಲೆಲ್ಲ ಇಂದ್ರಾಣಿ ಅವನ ಎದೆ ಏರಿಳಿಯುವುದನ್ನು ನೋಡುತ್ತ ಕೂತರು. ಜೊಲ್ಲು ಸುರಿದರೆ ನರ್ಸನ್ನು ಕರೆದರು, ಬೆವರಿದರೆ ಕರೆದರು. ಕಲ್ಯಾಣಿ ಮಂಚದ ಆ ಬದಿ ಕೂತಿದ್ದಳು, ಒಮ್ಮೆಯೂ ಇವರತ್ತ ತಿರುಗಲಿಲ್ಲ.

ಎಂಟು ಗಂಟೆಗೆ ಮಗು ಹಸಿವೆಂದು ರಂಪ ಮಾಡಿತು. ಡಾಕ್ಟರು ನಕ್ಕು, ಮನೆಗೆ ಕರೆದುಕೊಂಡು ಹೋಗಿ ಎಂದರು. ಇಂದ್ರಾಣಿ ಗೋಡೆಗೆ ಮುಖ ಮಾಡಿ ಅತ್ತರು.

ಹೊರಗೆ ಬಂದ ಮೇಲೆ ಕಲ್ಯಾಣಿ ಇವರತ್ತ ತಿರುಗಿದಳು. “ನೀವು ಓಡಿ ಬಂದು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಆಂಟಿ. ಆದ್ರೂ ಸ್ವಲ್ಪ ದಿನ ನಮ್ಮನೆಗೆ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಭಯ ಆಗುತ್ತೆ.”

“ಆಗ್ಲಮ್ಮ,” ಎಂದರು ಇಂದ್ರಾಣಿ.

ಎರಡು ತಿಂಗಳು ಅವರು ತೋಟದ ಕಡೆ ಹೋಗಲಿಲ್ಲ. ಈಗ ಮತ್ತೆ ಹೋಗುತ್ತಾರೆ. ಔಷಧಿ ಹೊಡೆದ ಮಡಿಯಲ್ಲೆಲ್ಲ ಕೆಂಪಕ್ಕ ಕೋಲಿಗೆ ಹಳೇ ಸೀರೆಯ ಚೂರು ಕಟ್ಟಿ ನೆಡುತ್ತಾರೆ. ಕೆಂಪಕ್ಕ ಪಕ್ಕದಲ್ಲಿ ಬಂದು ನಿಲ್ಲುವವರೆಗೆ ಇಂದ್ರಾಣಿ ಕುಡುಗೋಲು ಮುಟ್ಟುವುದಿಲ್ಲ. ಮೊದಲ ಕಟ್ಟನ್ನು ತಮ್ಮ ಮನೆಯಲ್ಲೇ ಬೇಯಿಸಿ ತಿಂದು, ಸಂಜೆಯವರೆಗೆ ಕಾದು, ಆಮೇಲಷ್ಟೇ ಬೀದಿಗೆ ಹಂಚುತ್ತಾರೆ. ಕಲ್ಯಾಣಿಯ ಮನೆಯವರು ಮಾತ್ರ ಇನ್ನೂ ಸೊಪ್ಪು ಕೇಳಿಲ್ಲ.