ಅವ್ವ ಮತ್ತ ತೊಳಿಯೋ ಮೀನ

ನಮ್ಮ ಬನಹಟ್ಟಿಗೆ ಸಮುದ್ರ ಎಲ್ಲಿಂದ ಬರಬೇಕ್ರಿ? ನಾನೇ ಬಕೆಟ್‌ನ್ಯಾಗ ಉಪ್ಪ ಕಲಿಸಿ, ಪಡಸಾಲ್ಯಾಗಿನ ಗಾಜಿನ ತೊಟ್ಟಿಗೆ ಸುರುವಿ, ಸಮುದ್ರದ ದೊಡ್ಡ ಮೀನ ಬಿಟ್ಟಿದ್ದೆ. ಅವಕ್ಕ ಮೈತುಂಬ ಹುಳ ಹತ್ತಿದಾಗ ಕೊಲ್ಲಾಪುರದಿಂದ ಒಂದು ತೊಳಿಯೋ ಮೀನ ತಂದೆ. ಬೆರಳುದ್ದ, ನೀಲಿ ಮೈ, ನಡುವ ಕರಿ ಪಟ್ಟಿ. ಉಳಿದ ಮೀನಿನ ಮೈಮ್ಯಾಲಿನ ಹುಳ ತಿಂದು ಬದುಕೋದು ಅದರ ಕೆಲಸ.

ದೊಡ್ಡ ಮೀನಿನ ಬಾಯಾಗ ಅದು ತಲಿ ಹಾಕಿದ್ದ ನೋಡಿ ಅವ್ವ ಚೀರಿದ್ಲು: "ಅಯ್ಯ ಶಿವನ! ನುಂಗತೈತಲ್ಲೋ!" ನುಂಗಲಿಲ್ಲ. ಒಳಗೆಲ್ಲಾ ಸಾಫ್ ಮಾಡಿ ಹೊರಗ ಬಂತು. "ಎಂಥಾ ದುಡಿಯೋ ಕೂಸೈತಿ!" ಅಂದ್ಲು. ಅವತ್ತಿನಿಂದ ಟಿವಿ ಬಂದ್. ಅವ್ವನ ಕುರ್ಚಿ ತೊಟ್ಟಿ ಮುಂದ ಬಂತು.

ಹುಳ ಖಾಲಿ ಆದ್ವು. ತೊಳಿಯೋ ಮೀನಿಗೆ ಉಣ್ಣಾಕ ಏನೂ ಉಳಿಲಿಲ್ಲ. ಅಂಗಡಿ ತಿನಿಸು ಹಾಕಿದ್ರ ಮೂಸಿಯೂ ನೋಡಲಿಲ್ಲ. ಹೊಟ್ಟಿ ಬೆನ್ನಿಗೆ ಹತ್ತಿತು. ಅಂಗಡ್ಯಾವ ಫೋನಿನ್ಯಾಗ, "ಸಿಗಡಿ ಅರದು ಹಾಕ್ರಿ, ಇಲ್ಲಾಂದ್ರ ಉಳ್ಯಾಂಗಿಲ್ಲ" ಅಂದ. ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಿಲ ದಾಟಿದ್ದಿಲ್ಲ. ಅವ್ವ ಲಿಂಗಪೂಜಿ ಆಗಲಾರದ ಚಾ ಕುಡಿಯಾಕಿ ಅಲ್ಲ. ಅಂಜಿಕೋತನ ಅಂಗಡ್ಯಾವ ಅಂದಿದ್ದನ್ನ ಅಕಿಗೆ ಹೇಳಿದೆ.

ಸಂಜೀಕ ಅವ್ವ ಊಟದ ತಾಟ ಸರಸಿದ್ಲು. "ದುಡಿಯೋದನ್ನ ಉಪಾಸ ಕೆಡವಿ ನಾ ಹೆಂಗ ಉಣ್ಲಿ? ತಾ ಅದೇನ ತರ್ತಿಯೋ. ಅಡಗಿಮನಿಗೆ ತಂದಿ ಅಂದ್ರ ಮಾತ್ರ ಕಾಲ ಮುರೀತೇನಿ!"

ಹಿತ್ತಲದಾಗ ಒಂದ ಬಟ್ಲ, ಒಂದ ಚಾಕು ಬ್ಯಾರೆ ಆದ್ವು. ಸಿಗಡಿ ಇಡಾಕ ನಮ್ಮ ಮಗ್ಗದ ಶೆಡ್ಡಿನ ಹಳೇ ಫ್ರಿಜ್. ಆದ್ರ ನಾ ಹಾಕಿದ್ದನ್ನ ಮೀನ ಮುಟ್ಟಲಿಲ್ಲ. ಕಡೀಕ ಅವ್ವ ಬರೇ ಕೈ ನೀರಾಗ ಇಟ್ಲು. ರೊಟ್ಟಿ ಬಡಿದು ಒಡೆದ ಬೆರಳಿನ ಸತ್ತ ತೊಗಲ ಕಂಡು ಮೀನ ಓಡಿ ಬಂದು ಕುಟುಕಿತು. "ಕಚಗುಳಿ ಇಡಾಕತ್ತೇತಿ ಲೇ!" ಅಂತ ಸಣ್ಣ ಹುಡುಗಿ ಹಂಗ ನಕ್ಕಳು. ಮರುದಿನ ಮೂಗಿಗೆ ಸೆರಗ ಹಿಡಕೊಂಡು, ಅದ ಬೆರಳಿಗೆ ಅರದ ಸಿಗಡಿ ಹಚ್ಚಿದ್ಲು. ತಿಂತು ನೋಡ್ರಿ!

ಅಲ್ಲಿಂದ ದಿನಾ ಮೊದಲ ಮೀನ. ಆಮ್ಯಾಲೆ ಅವ್ವನ ಜಳಕ, ಪೂಜಿ, ಊಟ.

ಹ್ವಾದ ವರ್ಷ ಅವ್ವ ತೀರಿಕೊಂಡ್ಲು. ಮಣ್ಣ ಮಾಡಿದ ಮೂರನೇ ದಿನ ಎಲ್ಲಾರೂ ಸಮಾಧಿಗೆ ಎಡಿ ಒಯ್ಯಾಕ ಹೊಂಟಿದ್ರು. ನಾ ಹಿತ್ತಲದಿಂದ ಆ ಸಿಗಡಿ ಬಟ್ಲ ತಂದೆ. ಜಮಖಂಡಿಯಿಂದ ಬಂದಿದ್ದ ಕಾಕಾ ಸಿಡುಕಿದ್ರು: "ಇವತ್ತರ ಅದನ್ನ ಬಿಡೋ!"

"ಮೀನಿಗೆ ಉಣಿಸಲಾರದ, ಅವ್ವ ಉಣ್ಣಾಂಗಿಲ್ರಿ, ಕಾಕಾ."

ಅವ್ವನಂಗ ಬೆರಳಿಗೆ ಸಿಗಡಿ ಹಚ್ಚಿ ನೀರಾಗ ಇಟ್ಟೆ. ಕಾಕಾ ಎಡಿ ಬುಟ್ಟಿ ಕೆಳಗಿಟ್ಟು, ಮೀನ ಉಣ್ಣೋತನಕ ಕಾದ್ರು.