ಜೇಬಿನಲ್ಲಿದ್ದ ಅರ್ಧ ರೊಟ್ಟಿ

ಕಿನ್ನಿಗೋಳಿಯ ಲಿಗೋರಿ ಕುವೈತಿನ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆ ಒಗೆಯುತ್ತಿದ್ದ. ಊರಿಗೆ ಕಾಗದ ಬರೆಯುವಾಗ ಮಾತ್ರ ‘ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟ್’ ಎನ್ನುತ್ತಿದ್ದ. ಅದರಲ್ಲೇನೂ ಸುಳ್ಳಿಲ್ಲ ಬಿಡಿ, ಅವನು ಒಗೆಯದಿದ್ದರೆ ಹನ್ನೊಂದು ಜನ ಬರಿಮೈಯಲ್ಲಿ ಆಡಬೇಕಿತ್ತು. ಮುಂಬಯಿಯ ಬೈಕಲ್ಲಾದ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಬೆಳೆದವನು, ಎಪ್ಪತ್ಮೂರರಲ್ಲಿ ಹಡಗು ಹತ್ತಿ ಬಂದ. ಅವನಿಗೆ ಜಾಮೀನು ನಿಂತ ಅರಬ, ಅಂದರೆ ಕಫೀಲ್, ಕ್ಲಬ್ಬಿನ ಸಮಿತಿಯಲ್ಲಿದ್ದುದರಿಂದ ವಾಸದ ಪರವಾನಗಿಯಾದ ಇಕಾಮಾದ ಜೊತೆಗೇ ಈ ಕೆಲಸವೂ ಸಿಕ್ಕಿತು. ಆಟದ ಬಗ್ಗೆ ಅವನು ತಿಳಿದುಕೊಂಡದ್ದು ಒಂದೇ ಸಂಗತಿ: ಗೆದ್ದ ದಿನದ ಬಟ್ಟೆಗೂ ಸೋತ ದಿನದ ಬಟ್ಟೆಗೂ ಸಾಬೂನು ಅಷ್ಟೇ ಬೇಕು. ವಾಸ ಖೈತಾನ್‌ನ ಒಂದು ಕೋಣೆಯಲ್ಲಿ, ಬೇಕರಿ ಕೆಲಸದ ರೋಕ್‌ನ ಜೊತೆ. ಹೆಂಡತಿ ಬೆಟ್ಟಿ ಊರಿನಲ್ಲಿ, ಮಗಳ ಜೊತೆ.

ಎಂಬತ್ತರಲ್ಲಿ ಪೋಲೆಂಡಿನಿಂದ ಹೆನ್ರಿಕ್ ಬಂದ. ಹದಿನೇಳನೆಯ ವಯಸ್ಸಿಗೆ ಕಲ್ಲಿದ್ದಲು ಗಣಿಯ ಊರೊಂದರ ತಂಡ ಸೇರಿ, ಅದರ ಹಿಂದಿನ ಸಾಲಿನಲ್ಲಿ ಹದಿಮೂರು ವರ್ಷ ಗೋಡೆಯ ಹಾಗೆ ನಿಂತವನು. ದೇಶದ ತಂಡಕ್ಕೆ ಎರಡು ಸಲ ಕರೆ ಬಂತು, ಎರಡು ಸಲವೂ ಬೆಂಚಿನ ಮೇಲೆ ಕೂತು ವಾಪಸಾದ. “ಒಳ್ಳೆಯ ಬೆಂಚು, ಮೆತ್ತಗಿತ್ತು” ಎಂದು ಅವನೇ ಹೇಳಿ ನಗುತ್ತಿದ್ದ. ಹೊರದೇಶದಲ್ಲಿ ಆಡಿ ನಾಲ್ಕು ಕಾಸು ಮಾಡಿಕೊಳ್ಳಲು ಸರ್ಕಾರದ ಅಪ್ಪಣೆ ಸಿಗುವ ಹೊತ್ತಿಗೆ ಅವನಿಗೆ ಮೂವತ್ತು ದಾಟಿತ್ತು, ಬಲಮೊಣಕಾಲು ಸವೆದಿತ್ತು. ಹೆಂಡತಿ ಹಾಲಿನಾ ಮತ್ತು ಚಿಕ್ಕ ಮಗಳು ಅಲ್ಲೇ ಉಳಿದರು.

ಹೆಂಡತಿ ಮಗಳನ್ನು ಬಿಟ್ಟು ಬಂದ ಇಬ್ಬರು ಗಂಡಸರು ಹತ್ತಿರವಾಗಲು ಹೆಚ್ಚು ಭಾಷೆ ಬೇಕಿಲ್ಲ. ಅರ್ಧ ಇಂಗ್ಲಿಷು, ಕಾಲು ಅರಬಿ, ಉಳಿದದ್ದು ಕೈಸನ್ನೆ. ರಜೆಯ ದಿನವಾದ ಶುಕ್ರವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಪೇಟೆಯ ಇಗರ್ಜಿಗೆ ಪೂಜೆಗೆಂದು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ವಯಸ್ಸಿನಲ್ಲಿ ತಾನೇ ದೊಡ್ಡವನಾದರೂ ಲಿಗೋರಿ ಅವನನ್ನು ಗೌರವದಿಂದ ‘ಹೆನ್ರಿಬಾಬ್’ ಎಂದೇ ಕರೆಯುತ್ತಿದ್ದ.

ಎಂಬತ್ತೊಂದರ ಡಿಸೆಂಬರ್ ಎರಡನೇ ವಾರ, ಅಭ್ಯಾಸದ ಹೊತ್ತಿನಲ್ಲಿ ಹೆನ್ರಿಕ್‌ನ ಆ ಮೊಣಕಾಲೇ ತಿರುಚಿಕೊಂಡಿತು. ಅವನನ್ನು ಸ್ಟ್ರೆಚರ್ ಮೇಲೆ ಹೊತ್ತು ಆಸ್ಪತ್ರೆಗೆ ಸಾಗಿಸಿದರು. ಬೆಂಚಿನ ಮೇಲೆ ಬಿದ್ದಿದ್ದ ಅವನ ನೀಲಿ ಜಾಕೆಟನ್ನು ಲಿಗೋರಿ ಉಳಿದ ಬಟ್ಟೆಗಳ ಜೊತೆ ಒಗೆಯುವ ಕೋಣೆಗೆ ತಂದ.

ನೀರಿಗೆ ಹಾಕುವ ಮೊದಲು ಜೇಬು ತಡಕುವುದು ಬೈಕಲ್ಲಾದಲ್ಲಿ ಕಲಿತ ಅಭ್ಯಾಸ. ಎದೆಯ ಜೇಬಿನಲ್ಲಿ ಮಡಚಿದ ಕರವಸ್ತ್ರ ಸಿಕ್ಕಿತು, ಬಿಡಿಸಿದರೆ ಒಳಗೆ ಕಾಗದದಷ್ಟು ತೆಳ್ಳಗಿನ ಬಿಳಿ ರೊಟ್ಟಿಯ ತುಂಡು. ಅದರ ಮೇಲೆ ಮಾತೆ ಮರಿಯಳ ಅಚ್ಚು, ಅರ್ಧಕ್ಕೆ ಮುರಿದದ್ದು. ಲಿಗೋರಿ ಅವಸರದಲ್ಲಿ ಶಿಲುಬೆಯ ಗುರುತು ಹಾಕಿಕೊಂಡ. ಪೂಜೆಯಲ್ಲಿ ಪಾದ್ರಿಗಳು ಎತ್ತಿ ತೋರಿಸುವ ದೊಡ್ಡ ರೊಟ್ಟಿಯ ತುಂಡು! ನಾಲಿಗೆಯ ಮೇಲಲ್ಲದೆ ಬೇರೆಲ್ಲೂ ಇಡಬಾರದ ಪರಮಪ್ರಸಾದ, ಬೆವರಿನ ಜಾಕೆಟಿನಲ್ಲಿ! ಆಟಗಾರರು ಗೆಲುವಿಗಾಗಿ ಕಾಲುಚೀಲದಲ್ಲಿ ತಾಯಿತ ಇಟ್ಟುಕೊಳ್ಳುವುದನ್ನು ಅವನು ನೋಡಿದ್ದ. ಆದರೆ ಹೆನ್ರಿಬಾಬ್? ಪೋಪರೇ ಆ ದೇಶದವರಲ್ಲವೇ?

ಉಳಿದ ಬಟ್ಟೆಗಳ ಬೆವರಿಗೆ ಕರವಸ್ತ್ರ ಆಗಲೇ ಒದ್ದೆಯಾಗಿತ್ತು, ರೊಟ್ಟಿಯ ಅಂಚು ಮೆತ್ತಗಾಗುತ್ತಿತ್ತು. ಬಸ್ಸಿನ ನೂಕಾಟದಲ್ಲಿ ಇಗರ್ಜಿ ಮುಟ್ಟುವಷ್ಟರಲ್ಲಿ ಕರಗಿ ಪುಡಿಯಾಗಿ ಹೋದರೆ ಮುಗಿಯಿತು. ಭಕ್ತಿಯಿಂದ ಸೇವಿಸಿಬಿಡುವುದೊಂದೇ ದಾರಿ. ಆದರೆ ಆಗಷ್ಟೇ ಚಹಾ ಕುಡಿದಿದ್ದ, ಪ್ರಸಾದಕ್ಕೆ ಮೊದಲು ಒಂದು ಗಂಟೆ ಬಾಯಿಗೆ ಏನೂ ಹಾಕಬಾರದೆಂಬುದು ನಿಯಮ. ಹಾರಿಹೋಗದಿರಲೆಂದು ಫ್ಯಾನು ನಿಲ್ಲಿಸಿದ. ಬಕೆಟ್ಟು ಬೋರಲು ಹಾಕಿ ಕೂತು, ಅಂಗೈಯಲ್ಲಿ ಒಣ ಬಟ್ಟೆಯ ಮೇಲೆ ಅದನ್ನು ಹಿಡಿದು, ಇರುವೆ ಬರದ ಹಾಗೆ ನೋಡಿಕೊಳ್ಳುತ್ತಾ ಪೂರ್ತಿ ಒಂದು ಗಂಟೆ ಕಾದ. ಆಮೇಲೆ ಒದ್ದೆ ನೆಲದ ಮೇಲೆ ಮೊಣಕಾಲೂರಿ, ಹೆನ್ರಿಬಾಬ್‌ನನ್ನು ಕ್ಷಮಿಸೆಂದು ದೇವರಲ್ಲಿ ಬೇಡಿ, ರೊಟ್ಟಿಯನ್ನು ನಾಲಿಗೆಯ ಮೇಲಿಟ್ಟುಕೊಂಡ.

ಆ ಭಾನುವಾರ ರೇಡಿಯೋದಲ್ಲಿ ಸುದ್ದಿ ಬಂತು. ಪೋಲೆಂಡಿನಲ್ಲಿ ಸೈನ್ಯ ಬೀದಿಗಿಳಿದಿದೆ, ಟೆಲಿಫೋನು ಕಡಿದಿದ್ದಾರೆ, ಕಾಗದಪತ್ರ ಆಚೀಚೆ ಹೋಗುತ್ತಿಲ್ಲ.

ಕೆಲವು ದಿನ ಕಳೆದು ಹೆನ್ರಿಕ್ ಊರುಗೋಲಿನ ಮೇಲೆ ನೇರ ಒಗೆಯುವ ಕೋಣೆಗೇ ಬಂದ. ಗಡ್ಡ ಬೆಳೆದಿತ್ತು, ಕಣ್ಣು ನಿದ್ದೆ ಕಂಡಿರಲಿಲ್ಲ. ಲಿಗೋರಿ ಇಸ್ತ್ರಿ ಮಾಡಿಟ್ಟ ಜಾಕೆಟ್ ಕೊಟ್ಟ. ಹೆನ್ರಿಕ್ ಎದೆಯ ಜೇಬಿಗೆ ಕೈ ಹಾಕಿದ, ಮತ್ತೆ ಹಾಕಿದ.

“ಲಿಗೋರಿ, ಇದರಲ್ಲಿ ಒಂದು ರೊಟ್ಟಿ ಇತ್ತು. ಇಗರ್ಜಿಯದಲ್ಲ, ಮನೆಯದು. ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡಾಗ ನಾವು ಅದನ್ನು ಮುರಿದು ಹಂಚಿಕೊಳ್ಳುತ್ತೇವೆ. ಹಾಲಿನಾ ಅರ್ಧ ಇಟ್ಟುಕೊಂಡು ಅರ್ಧ ಅಂಚೆಯಲ್ಲಿ ಕಳಿಸಿದ್ದಳು. ಒಂದೇ ಹೊತ್ತಿಗೆ ಇಬ್ಬರೂ ತಿನ್ನಬೇಕು.” ಜೇಬಿನಿಂದ ಕೈ ತೆಗೆದು ಹೇಳಿದ, “ಈಗ ಫೋನಿಲ್ಲ, ಕಾಗದ ಇಲ್ಲ. ಅದೊಂದೇ ಇತ್ತು.”

ಉತ್ತರಕ್ಕೆ ಕಾಯದೆ ಹೆನ್ರಿಕ್ ಕುಂಟುತ್ತಾ ಹೋದ.

“ನೀರಿನಲ್ಲಿ ಕರಗಿಹೋಯಿತು ಅಂತ ಹೇಳು ಮಾರಾಯ, ಖಲಾಸ್” ಎಂದ ರೋಕ್, ರಾತ್ರಿ ಕೋಣೆಯಲ್ಲಿ ಎಲ್ಲ ಕೇಳಿ. “ಲಾಂಡ್ರಿಯಲ್ಲಿ ಎಂತೆಂತದ್ದೋ ಹೋಗ್ತದೆ. ತಿಂದೆ ಅಂತ ಯಾರಾದರೂ ಹೇಳ್ತಾರಾ?”

“ಅವನ ಹೆಂಡತಿಯ ಪಾಲು ರೋಕ್, ನನ್ನ ಹೊಟ್ಟೆಯಲ್ಲುಂಟು” ಎಂದ ಲಿಗೋರಿ. ಆಮೇಲಿನ ದಿನಗಳಲ್ಲಿ ಅವನಿಗೆ ಊಟ ರುಚಿಸಲಿಲ್ಲ. ತಾನು ಕಳ್ಳನಲ್ಲ, ಆದರೆ ಕದ್ದದ್ದು ನಿಜ. ಬೆಟ್ಟಿಯ ಪಾಲನ್ನು ಯಾರಾದರೂ ಹೀಗೆ ತಿಂದಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿ ಯೋಚಿಸಿ ಸೋತ.

ಬೆಟ್ಟಿಯ ಪಾಲು ಎಂದಾಗಲೇ ಹೊಳೆದದ್ದು. ಪ್ರತಿ ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಊರಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸಿ ಕೊಡುತ್ತಾರೆ. ಮನೆಯವರೆಲ್ಲ ಸೇರಿ ಆ ಹೊಸ ಅಕ್ಕಿಯನ್ನು ಹಾಲಿನಲ್ಲಿ ಕಲಸಿ ಉಣ್ಣಬೇಕು. ಪರದೇಶದಲ್ಲಿದ್ದವರಿಗೆ ತೆನೆಯನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ಬೆಟ್ಟಿ ಕಳಿಸಿದ ಎರಡು ತೆನೆಗಳಲ್ಲಿ ಒಂದನ್ನು ಅವನು ಆಗಲೇ ತಿಂದಿದ್ದ. ಇನ್ನೊಂದು ಕೋಣೆಯ ಶಿಲುಬೆಯ ಪಕ್ಕದಲ್ಲಿ ತೂಗುತ್ತಿತ್ತು, ಮುಂದಿನ ಹಬ್ಬದವರೆಗೆ ಅಲ್ಲಿಂದ ತೆಗೆಯುವ ರೂಢಿಯಿಲ್ಲ.

ಇಪ್ಪತ್ತನಾಲ್ಕರ ಸಂಜೆ ಲಿಗೋರಿ ಅದನ್ನು ಇಳಿಸಿದ. ಒಂದು ಡಬ್ಬಿ ಹಾಲು ಹಿಡಿದು ಕ್ಲಬ್ಬಿನ ಹಿಂದಿದ್ದ ಹೆನ್ರಿಕ್‌ನ ಮನೆಗೆ ಹೋದ. ಬಾಗಿಲಲ್ಲೇ ನಿಂತು, ಕೂರೆಂದರೂ ಕೂರದೆ, ಎಲ್ಲ ಹೇಳಿಬಿಟ್ಟ. ಚಹಾ ಕುಡಿದದ್ದು, ಗಂಟೆ ಕಾದದ್ದು, ಫ್ಯಾನು ನಿಲ್ಲಿಸಿದ್ದು, ಬಕೆಟ್ಟುಗಳ ನಡುವೆ ಮೊಣಕಾಲೂರಿದ್ದು.

ಹೆನ್ರಿಕ್ ಮೊದಲು ದಿಟ್ಟಿಸಿ ನೋಡಿದ. ಆಮೇಲೆ ಅವನಿಗೆ ನಗು ಬಂತು. ಊರುಗೋಲು ಕೆಳಗೆ ಬಿತ್ತು. ನಗುತ್ತಾ ನಗುತ್ತಾ ಗೋಡೆಗೊರಗಿ ಅಳತೊಡಗಿದ. ಎರಡು ವಾರದಿಂದ ತಡೆದಿಟ್ಟ ಅಳು ಅದು.

“ಒಂದು ಗಂಟೆ!” ಎಂದ ಕಣ್ಣೊರೆಸಿಕೊಂಡು. “ಹಾಲಿನಾಳ ರೊಟ್ಟಿಯನ್ನು ಇಷ್ಟು ಮರ್ಯಾದೆಯಿಂದ ಯಾರೂ ತಿಂದಿರಲಿಲ್ಲ, ಲಿಗೋರಿ.”

“ನನ್ನನ್ನು ಬೈದುಬಿಡಿ ಹೆನ್ರಿಬಾಬ್.”

“ಬೈಯುವುದೆಲ್ಲಿ ಬಂತು? ಆ ರೊಟ್ಟಿ ಹಂಚಿಕೊಂಡವನು ಮನೆಯವನು.” ಮೇಜಿನ ಕಡೆ ಕೈ ತೋರಿಸಿದ. ಅಲ್ಲಿ ಎರಡು ತಟ್ಟೆಗಳಿದ್ದವು. “ಒಂದು ನನ್ನದು. ಇನ್ನೊಂದನ್ನು ಈ ಸಂಜೆ ನಾವು ಖಾಲಿ ಇಡುತ್ತೇವೆ, ದಾರಿಹೋಕರು ಯಾರಾದರೂ ಬಂದಾರು ಅಂತ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಗೆ ಒಬ್ಬನೂ ಬರಲಿಲ್ಲ. ಕೂರು.”

ಲಿಗೋರಿ ಕೂತು, ಭತ್ತವನ್ನು ಉಗುರಿನಿಂದ ಸುಲಿದು, ಲೋಟದ ತಳದಲ್ಲಿ ಜಜ್ಜಿ ಹಾಲಿಗೆ ಹಾಕಿದ. ಇದು ಬೆಟ್ಟಿ ಅಂಚೆಯಲ್ಲಿ ಕಳಿಸಿದ್ದು, ಮನೆಯವರು ಒಟ್ಟಿಗೆ ತಿನ್ನುವಂಥದ್ದು ಎಂದ.

“ನಿಮ್ಮಲ್ಲೂ ಅಂಚೆಯಲ್ಲೇ?” ಎಂದು ಹೆನ್ರಿಕ್ ಅವನ ಕೈ ಹಿಡಿದುಕೊಂಡ. ಪೋಲೆಂಡಿನಲ್ಲಿ ನಕ್ಷತ್ರ ಮೂಡುವಾಗ ಕುವೈತಿನಲ್ಲಿ ಆರು ದಾಟಿರುತ್ತದೆ. ಅಲ್ಲಿಯವರೆಗೆ ಇಬ್ಬರೂ ಕಿಟಕಿಯ ಬಳಿ ಕಾದು, ಆಮೇಲೆ ಚಮಚದಲ್ಲಿ ಹಂಚಿಕೊಂಡು ತಿಂದರು.

ಆ ಮೊಣಕಾಲು ಮತ್ತೆ ಮೈದಾನ ಕಾಣಲಿಲ್ಲ. ಫೆಬ್ರವರಿಯಲ್ಲಿ ಹಾಲಿನಾಳ ಕಾಗದ ಬಂತು, ತಾಯಿ ಮಗಳು ಕ್ಷೇಮ. ಬೇಸಿಗೆಯಲ್ಲಿ ಹೆನ್ರಿಕ್ ಊರಿಗೆ ಹೊರಟ, ಗಣಿಯ ಮಕ್ಕಳಿಗೆ ಆಟ ಕಲಿಸಲು. ಹದಿನೈದು ವರ್ಷದ ಆಟ ಅಲ್ಲಿಗೆ ಮುಗಿಯಿತು. ಹೋಗುವಾಗ ನೀಲಿ ಜಾಕೆಟನ್ನು ಲಿಗೋರಿಗೆ ಕೊಟ್ಟ. ಸೆಪ್ಟೆಂಬರಿನಲ್ಲಿ ಬೆಟ್ಟಿ ಮೂರು ತೆನೆ ಕಳಿಸಿದಳು, ಒಂದು ಪೋಲೆಂಡಿಗೆ ಹೋಯಿತು.

ಡಿಸೆಂಬರಿನಲ್ಲಿ ಕ್ಲಬ್ಬಿನ ವಿಳಾಸಕ್ಕೆ ಪೋಲೆಂಡಿನಿಂದ ಲಕೋಟೆಯೊಂದು ಬಂತು. ಒಳಗೆ ಬಿಳಿ ರೊಟ್ಟಿ, ಸರಿಯಾಗಿ ಅರ್ಧ.

ಹಬ್ಬದ ಹಿಂದಿನ ಸಂಜೆ ಲಿಗೋರಿ ಜಾಕೆಟ್ ತೊಟ್ಟು ಖೈತಾನ್‌ನ ತಾರಸಿ ಹತ್ತಿದ. ಆರು ದಾಟಿತು. ಎದೆಯ ಜೇಬಿನಿಂದ ರೊಟ್ಟಿ ತೆಗೆದ. ರೋಕ್ ಕೊಟ್ಟ ಚಹಾ ಕುಡಿದು ಐದು ನಿಮಿಷವೂ ಆಗಿರಲಿಲ್ಲ. ಈ ಸಲ ಅವನು ಕಾಯಲಿಲ್ಲ. ಉಳಿದರ್ಧವನ್ನು ಕೈಯಲ್ಲಿ ಹಿಡಿದು ಅಲ್ಲಿ ಪೋಲೆಂಡಿನಲ್ಲಿ ಮೂರು ಜನ ನಿಂತಿದ್ದರು.